ಬೀಸುಕಲ್ಲಿನ ಮುಂದಿನ ಮದ್ರಸಾ

ಆಧುನಿಕ ಸಂಸ್ಕೃತಿಯ ನಡುವೆ ಮಕ್ಕಳನ್ನು ಧಾರ್ಮಿಕ ಮೌಲ್ಯಗಳೊಂದಿಗೆ ಬೆಳೆಸುವುದು ಹೇಗೆ ಎಂದು ನಾವು ಕೇಳುವಾಗಲೆಲ್ಲ, ಹಿಂದಿನವರಿಗೆ ಈ ಕಷ್ಟವಿರಲಿಲ್ಲ ಎಂಬ ನಂಬಿಕೆಯೊಂದು ಆ ಪ್ರಶ್ನೆಯೊಳಗೇ ಅಡಗಿರುತ್ತದೆ. ಅವರ ಕಾಲ ಸರಳವಾಗಿತ್ತು, ಪೇಟೆ ಮನೆಯೊಳಗೆ ಕಾಲಿಟ್ಟಿರಲಿಲ್ಲ, ಮಗು ಉಸಿರಾಡುವ ಗಾಳಿಯಲ್ಲೇ ದೀನ್ ಇತ್ತು ಎಂದು ಭಾವಿಸುತ್ತೇವೆ. ಬೇರೆ ಊರಿನವರು ಹಾಗೆ ಭಾವಿಸಿದರೆ ಕ್ಷಮಿಸಬಹುದು. ವಿಜಯಪುರದ ಜಲನಗರದಲ್ಲಿ, ತಿಕೋಟಾ ಮತ್ತು ಬಬಲೇಶ್ವರದ ಸೀಮೆಯಲ್ಲಿ ಬಾಳುವ ನಾವು ಹಾಗೆ ಭಾವಿಸುವಂತಿಲ್ಲ. ನಮ್ಮ ನಗರದ ಇತಿಹಾಸವೇ ಅದಕ್ಕೆ ಎದುರು ಸಾಕ್ಷಿ ನುಡಿಯುತ್ತದೆ.

ಎರಡನೆಯ ಇಬ್ರಾಹೀಮ್ ಆದಿಲ್ ಶಾಹರು 1580ರಿಂದ 1627ರವರೆಗೆ ಆಳಿದ ಕಾಲದ ಬಿಜಾಪುರ ಜಗತ್ತಿನ ಬೆರಗಿನ ಪಟ್ಟಣಗಳಲ್ಲಿ ಒಂದಾಗಿತ್ತು. ಅರಸನು ಸ್ವತಃ ಸಂಗೀತಗಾರ. ದಖನಿ ಭಾಷೆಯಲ್ಲಿ ಗೀತೆಗಳನ್ನು ರಚಿಸಿ 'ಕಿತಾಬೆ ನೌರಸ್' ಎಂದು ಹೆಸರಿಟ್ಟವನು. ಸಂಗೀತಕ್ಕೆಂದೇ 1599ರಲ್ಲಿ ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಲಾರಂಭಿಸಿದನು. 1604ರ ಸುಮಾರಿಗೆ ಮೊಗಲ್ ಬಾದಶಹ ಅಕ್ಬರನ ದೂತನಾಗಿ ಇಲ್ಲಿಗೆ ಬಂದ ಅಸದ್ ಬೇಗ್ ಈ ಊರಿನ ಬಜಾರನ್ನು ವರ್ಣಿಸಿದ್ದಾನೆ. ಒಂದೆಡೆ ರತ್ನಪಡಿ ವ್ಯಾಪಾರಿಗಳು, ಇನ್ನೊಂದೆಡೆ ಬಟ್ಟೆ ಮತ್ತು ಆಯುಧಗಳು, ಮುಂದೆ ಸುಗಂಧದ್ರವ್ಯ, ಮದ್ಯ, ನರ್ತಕಿಯರು. ದೂತನು ಇಲ್ಲಿ ಹಿಂದೆ ಕಂಡಿರದ ವಸ್ತುವೊಂದನ್ನು ಕಂಡು, ಕೊಂಡುಹೋಗಿ ಅಕ್ಬರನ ಮುಂದಿಟ್ಟನು. ಅದು ಹೊಗೆಸೊಪ್ಪು. ಆ ಕಾಲದ ಅತ್ಯಂತ ಹೊಸ ಚಟವು ಮೊಗಲ್ ದರಬಾರನ್ನು ತಲುಪಿದ್ದು ನಮ್ಮ ಊರಿನ ಪೇಟೆಯಿಂದ!

ಈ ಪೇಟೆಯ ಹಿಂದಿನ ಗಲ್ಲಿಗಳಲ್ಲಿಯೂ ಮುಸ್ಲಿಂ ಕುಟುಂಬಗಳಿದ್ದವು. ಅಲ್ಲಿಯೂ ಮಕ್ಕಳು ಹುಟ್ಟಿದರು. ಅವರನ್ನು ಬೆಳೆಸಿದವರು ಯಾರು, ಯಾವ ಮಾತಿನಿಂದ ಬೆಳೆಸಿದರು?

ಚರಿತ್ರೆ ಸಾಮಾನ್ಯವಾಗಿ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಅರಸು ಮನೆತನದ ಸ್ತ್ರೀಯರ ಹೆಸರುಗಳು ನಮ್ಮ ಊರಿನ ನೀರಿನಲ್ಲಿಯೇ ಉಳಿದಿವೆ: ಚಾಂದ್ ಬೀಬಿಯ ಹೆಸರಿನ ಚಾಂದ್ ಬಾವಡಿ, ತಾಜ್ ಸುಲ್ತಾನಾಳ ಹೆಸರಿನ ತಾಜ್ ಬಾವಡಿ, 1651ರ ಬೇಗಂ ತಾಲಾಬ್. ಆ ಬಾವಡಿಗಳಿಂದ ಕೊಡ ಹೊತ್ತು ತಂದ ಸಾಮಾನ್ಯ ಮನೆಯ ತಾಯಂದಿರ ಹೆಸರು ಎಲ್ಲಿಯೂ ಇಲ್ಲ. ಆದರೆ ಅವರು ಹಾಡಿದ ಹಾಡುಗಳು ಉಳಿದಿವೆ. ಬಿಜಾಪುರದ ಸೂಫಿಗಳ ಕುರಿತು ಸಂಶೋಧನೆ ನಡೆಸಿ 1978ರಲ್ಲಿ ಗ್ರಂಥ ಪ್ರಕಟಿಸಿದ ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಅವರು ಅರಮನೆಯ ದಾಖಲೆಗಳನ್ನಷ್ಟೇ ಓದದೆ ಈ ಹಾಡುಗಳ ಹಸ್ತಪ್ರತಿಗಳನ್ನೂ ಬಿಡಿಸಿ ನೋಡಿದರು. ಚಕ್ಕಿನಾಮಾ, ಚರ್ಖಾನಾಮಾ, ಲೋರಿನಾಮಾ, ಶಾದಿನಾಮಾ, ಸುಹಾಗನ್‌ನಾಮಾ ಎಂಬವು ಅವುಗಳ ಹೆಸರುಗಳು. ಬೀಸುವಾಗ, ನೂಲುವಾಗ, ತೊಟ್ಟಿಲು ತೂಗುವಾಗ, ಮದುವೆಯಲ್ಲಿ ಸ್ತ್ರೀಯರು ಹಾಡುವುದಕ್ಕೆಂದು ರಚಿತವಾದ ಚಿಕ್ಕ ದಖನಿ ಪದ್ಯಗಳವು.

ಈ ಪರಂಪರೆಯ ಬೇರು ನಗರದ ಗೋಡೆಯ ಹೊರಗೆ, ಪಶ್ಚಿಮಕ್ಕಿರುವ ಶಾಹಪುರ ದಿಬ್ಬದ ಮೇಲಿನ ಚಿಶ್ತಿ ಮನೆತನದಲ್ಲಿದೆ. ಮೀರಾಂಜಿ ಶಮ್ಸುಲ್ ಉಷ್ಶಾಕ್, ಅವರ ಮಗ ಬುರ್‌ಹಾನುದ್ದೀನ್ ಜಾನಮ್, ಜಾನಮರ ಮಗ ಅಮೀನುದ್ದೀನ್ ಆಲಾ ಎಂಬ ಮೂರು ತಲೆಗಳ ಮನೆತನವದು. ಅಮೀನುದ್ದೀನರು 1675ರಲ್ಲಿ ನಿಧನರಾದರು; ಎತ್ತರದ ಆ ಬಿಳಿ ಗುಮ್ಮಟವನ್ನು ನಮ್ಮಲ್ಲಿ ಕಾಣದವರಿಲ್ಲ. ದರ್ಗಾ, ಉರೂಸುಗಳ ವಿಷಯದಲ್ಲಿ ನಮ್ಮ ಓದುಗರಲ್ಲಿ ಭಿನ್ನಾಭಿಪ್ರಾಯವಿದೆಯೆಂಬುದನ್ನು ನಾವು ಬಲ್ಲೆವು. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಈ ಮನೆತನವು ಕೌಟುಂಬಿಕ ಜೀವನಕ್ಕೆ ಮಾಡಿದ ಒಂದು ಉಪಕಾರವನ್ನು ಮಾತ್ರ ನೆನೆಯುತ್ತೇವೆ. ಅರಬಿ, ಫಾರಸಿಗಳೇ ವಿದ್ವಾಂಸರ ಭಾಷೆಗಳಾಗಿದ್ದ ದಿನಗಳಲ್ಲಿ, ಆ ಭಾಷೆಗಳನ್ನು ಅರಿಯದವರಿಗಾಗಿ ಜನರ ಆಡುಮಾತಿನಲ್ಲಿಯೇ ದೀನನ್ನು ಹೇಳಬೇಕೆಂದು ಮೀರಾಂಜಿಯವರು ಸಮರ್ಥಿಸಿ ಬರೆದರು. ಮಗ ಜಾನಮರು ಅದೇ ದಾರಿಯಲ್ಲಿ ನಡೆದು 1582ರಲ್ಲಿ 'ಇರ್ಷಾದ್ ನಾಮಾ' ರಚಿಸಿದರು.

ಮೀರಾಂಜಿಯವರ 'ಖುಶ್ ನಾಮಾ' ಮತ್ತು 'ಖುಶ್ ನಗ್ಜ್' ಎಂಬ ಕೃತಿಗಳ ಕೇಂದ್ರದಲ್ಲಿರುವವಳು ಖುಶ್ ಎಂಬ ಹದಿಹರೆಯದ ಹುಡುಗಿ. ಅವಳು ಪ್ರಶ್ನೆ ಕೇಳುತ್ತಾಳೆ, ಗುರುಗಳು ಉತ್ತರಿಸುತ್ತಾರೆ. ಹುಡುಗಿಗೇಕೆ ಈ ಮಾತು ಎಂದು ಅವರು ಗದರಿಸುವುದಿಲ್ಲ. ಇಷ್ಟು ಹಿಂದಿನ ಒಂದು ಧಾರ್ಮಿಕ ಕೃತಿ ಮಗಳ ಪ್ರಶ್ನೆಯ ಸುತ್ತ ಹೆಣೆಯಲ್ಪಟ್ಟಿದೆ ಎಂಬುದನ್ನು ನಾವು ಲಘುವಾಗಿ ಕಾಣಬಾರದು. ಇಬ್ರಾಹೀಮ್ ಆದಿಲ್ ಶಾಹನು ನವರಸಪುರ ಕಟ್ಟಹೊರಟ ಅದೇ ತೊರವಿಯಲ್ಲಿ ಇಂದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ನಮ್ಮ ಮನೆಗಳ ಹೆಣ್ಣುಮಕ್ಕಳೂ ಅಲ್ಲಿ ಓದುತ್ತಾರೆ. ಓದು ದೀನನ್ನು ಕಸಿದುಕೊಂಡೀತೆಂದು ಅಂಜುವ ಹಿರಿಯರು ಈಗಲೂ ಇದ್ದಾರೆ. ಮಗಳು ಕಾಲೇಜಿನಿಂದ ಪ್ರಶ್ನೆಯೊಂದನ್ನು ಹೊತ್ತು ತಂದಾಗ ಮನೆಯಲ್ಲಿ ಕೇಳಿಸಿಕೊಳ್ಳುವವರು ಇಲ್ಲದಿರುವುದು ನಮಗೆ ಅದಕ್ಕಿಂತ ದೊಡ್ಡ ಅಪಾಯವಾಗಿ ಕಾಣುತ್ತದೆ. ಅವಳು ಉತ್ತರವನ್ನು ಬೇರೆಲ್ಲಾದರೂ ಹುಡುಕಿಯೇ ಹುಡುಕುತ್ತಾಳೆ.

ಚಕ್ಕಿನಾಮಾದ ವಿಷಯಕ್ಕೆ ಬರೋಣ. ಅದನ್ನು ಅರಿಯಬೇಕಾದರೆ ಬೀಸುಕಲ್ಲನ್ನು ನೆನಪಿಗೆ ತಂದುಕೊಳ್ಳಬೇಕು. ಕೆಳಗಿನ ಕಲ್ಲು ಅಲುಗದು. ಮೇಲಿನದು ನಡುವಣ ಗೂಟದ ಸುತ್ತ ತಿರುಗುತ್ತದೆ. ಅಂಚಿನಲ್ಲಿ ನಿಂತ ಇನ್ನೊಂದು ಗೂಟವನ್ನು ಹಿಡಿದು ತಿರುಗಿಸಬೇಕು. ನಿಂತ ಆ ಹಿಡಿಗೂಟವು 'ಅಲಿಫ್' ಅಕ್ಷರದಂತೆ ಕಾಣುತ್ತದೆ, ಅಲಿಫ್ ಎಂದರೆ ಅಲ್ಲಾಹ್ ಎಂದು ಹಾಡು ಕಲಿಸುತ್ತದೆ. ಕಲ್ಲನ್ನು ನೆಲೆಯಲ್ಲಿ ಹಿಡಿದಿರುವ ನಡುಗೂಟವು ಪ್ರವಾದಿ ಮುಹಮ್ಮದ್(ಸ)ರನ್ನು ನೆನಪಿಸುತ್ತದೆ. ಕಲ್ಲಿನ ಸುತ್ತಿಗೆ ಅಲ್ಲಾಹನ ನಾಮಸ್ಮರಣೆಯ ಲಯ ಕೂಡಿಕೊಳ್ಳುತ್ತದೆ. ಓದುಬರಹ ಬಾರದ ಹೆಣ್ಣುಮಗಳೊಬ್ಬಳು ಅರಬಿ ವರ್ಣಮಾಲೆಯ ಮೊದಲ ಅಕ್ಷರವನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಕಲಿತಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಅರೆನಿದ್ದೆಯಲ್ಲಿದ್ದ ಮಗುವೂ ಕಲಿಯಿತು.

ಇದು ವಾರಕ್ಕೊಮ್ಮೆ ನಡೆಯುವ ಉಪದೇಶವಾಗಿರಲಿಲ್ಲ. ನಮ್ಮದು ಬಿಳಿಜೋಳದ ನಾಡು. ಜೋಳದ ಹಿಟ್ಟು ಹಳತಾದರೆ ಜಿಗುಟು ಕಳೆದುಕೊಳ್ಳುತ್ತದೆ, ತಟ್ಟುವಾಗ ರೊಟ್ಟಿ ಒಡೆಯುತ್ತದೆ. ಆದ್ದರಿಂದ ಬೀಸುವ ಕೆಲಸ ದಿನದಿನದ್ದು. ಅದೂ ಬೆಳಗಿನ ಜಾವದ್ದು. ಅತ್ತೆ ಸೊಸೆಯರು ಎದುರುಬದುರಾಗಿ ಕುಳಿತು ಒಂದೇ ಗೂಟಕ್ಕೆ ಕೈ ಹಚ್ಚಿದರೆ, ಹಾಡು ಒಬ್ಬರ ಬಾಯಿಯಿಂದ ಇನ್ನೊಬ್ಬರ ಬಾಯಿಗೆ ತಾನಾಗಿ ದಾಟುತ್ತಿತ್ತು. ಈ ಹಾಡುಗಳು ಹೆಚ್ಚಾಗಿ ಸ್ಮರಣೆಯನ್ನು ಕಲಿಸಿದವು: ಅಲ್ಲಾಹ್ ಇದ್ದಾನೆ, ರಸೂಲ್(ಸ) ಇದ್ದಾರೆ, ನಿನ್ನ ಉಸಿರು ಆ ಹೆಸರಿನ ಜೊತೆಗಿರಲಿ ಎಂದು. ಇಂದು ನಾವು ಮಕ್ಕಳಿಗೆ ಧರ್ಮವನ್ನು ಪರಿಚಯಿಸುವುದು ಬಹುಪಾಲು 'ಬೇಡ' ಎಂಬ ಮಾತಿನಿಂದ. ಆ ತಾಯಂದಿರು ಆರಂಭಿಸಿದ್ದು ಹಾಗಲ್ಲ.

ಅದೇ ಹೊತ್ತಿಗೆ ಪಕ್ಕದ ಮನೆಯ ಲಿಂಗಾಯತ, ಕುರುಬ ಸ್ತ್ರೀಯರು ತಮ್ಮ ಕಲ್ಲಿನ ಮುಂದೆ ಕನ್ನಡ ತ್ರಿಪದಿಗಳನ್ನು ಹಾಡುತ್ತಿದ್ದರು. ಭಾಷೆ ಬೇರೆ, ದೇವರನ್ನು ಕರೆಯುವ ಬಗೆ ಬೇರೆ; ಕೆಲಸದ ಲಯ ಒಂದೇ. ಚಕ್ಕಿನಾಮಾ ಈ ನೆಲದ ಬೀಸುಕಲ್ಲಿನ ಪದಗಳ ತಂಗಿಯೇ ಹೊರತು ಹೊರಗಿನಿಂದ ತಂದ ವಸ್ತುವಲ್ಲ. ದರ್ಗಾಗಳ ಸುತ್ತ ನೆರೆಯುತ್ತಿದ್ದ ಬೇರೆ ಬೇರೆ ಮನೆಗಳ ಸ್ತ್ರೀಯರ ಮೂಲಕವೇ ಈ ಸರಳ ವಿಶ್ವಾಸವು ಮನೆಗಳೊಳಗೆ ಹರಡಿತು, ತಾಯಿ ಅಜ್ಜಿಯರಿಂದ ಮಕ್ಕಳಿಗೆ ಇಳಿಯಿತು ಎಂಬುದು ಈಟನ್ ಅವರ ವಾದ. ಖಡ್ಗದಿಂದ ಇಸ್ಲಾಮ್ ಹರಡಿತೆಂಬ ಮಾತನ್ನು ಕೇಳಿ ಕೇಳಿ ದಣಿದಿರುವ ನಮಗೆ ಬೀಸುಕಲ್ಲಿನ ಈ ಕಥೆ ಗೊತ್ತಿರಬೇಕಾಗಿತ್ತು.

ನವರಸಪುರವನ್ನು 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿತು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದನು. ದರಬಾರು ಚದುರಿತು, ಕವಿಗಳೂ ಗಾಯಕರೂ ಆಶ್ರಯ ಹುಡುಕಿ ಹೊರಟರು. ಅರಮನೆಯ ಸಂಸ್ಕೃತಿಗೆ ಅರಸನು ಬೇಕಾಗಿತ್ತು. ಮನೆಯ ಹಾಡಿಗೆ ಒಂದು ಜೋಡಿ ಕಲ್ಲು, ಒಂದು ಬುಟ್ಟಿ ಜೋಳ ಸಾಕಾಗಿತ್ತು.

ಹಾಡಿಗೆ ಕುತ್ತು ತಂದದ್ದು ಹಿಟ್ಟಿನ ಗಿರಣಿ. ಇಪ್ಪತ್ತನೆಯ ಶತಮಾನದಲ್ಲಿ ಅದು ಪಟ್ಟಣಕ್ಕೂ ಆಮೇಲೆ ಹಳ್ಳಿಗಳಿಗೂ ಬಂದಿತು. ಬಂದದ್ದು ಒಳ್ಳೆಯದೇ ಆಯಿತು. ಬೀಸಿ ಬೀಸಿ ರಟ್ಟೆ ಸೋತ ನಮ್ಮ ದಾದಿಮಾಗಳಲ್ಲಿ ಒಬ್ಬರೂ ಅದಕ್ಕಾಗಿ ಕಣ್ಣೀರು ಹಾಕಿರಲಿಕ್ಕಿಲ್ಲ, ನಾವೂ ಹಾಕಬೇಕಿಲ್ಲ. ಆದರೆ ಗಿರಣಿಯು ಕಲ್ಲಿನ ಜೊತೆಗೆ ಆ ಹೊತ್ತನ್ನೂ ಕೊಂಡೊಯ್ದಿತು. ತಾಯಿ ಮಗು ಒಂದೆಡೆ ಕುಳಿತು, ಅಲ್ಲಾಹನ ಹೆಸರು ದಿನವೂ ಕಿವಿಗೆ ಬೀಳುತ್ತಿದ್ದ ಆ ಹೊತ್ತು ಖಾಲಿಯಾಯಿತು. ಖಾಲಿಯಾದದ್ದನ್ನು ಯಾರೂ ಗಮನಿಸಲಿಲ್ಲ, ಅದಕ್ಕೆ ಬದಲಿಯನ್ನು ಯಾರೂ ಯೋಚಿಸಲಿಲ್ಲ. ಇಂದು ಆ ಹೊತ್ತಿನಲ್ಲಿ ಮೊಬೈಲು ಕುಳಿತಿದೆ. ತೊಟ್ಟಿಲ ಕೂಸಿಗೂ ಲೋರಿಯನ್ನು ಅದೇ ಹಾಡುತ್ತದೆ. ದೋಷವನ್ನೆಲ್ಲ ಮೊಬೈಲಿನ ಮೇಲೆ ಹೊರಿಸುವುದು ಸುಲಭ. ಅದು ಬರುವ ಎಷ್ಟೋ ವರ್ಷ ಮುಂಚೆಯೇ ಆ ಜಾಗ ತೆರವಾಗಿತ್ತು.

ನಾವು ಮಾಡಿಕೊಂಡ ಏರ್ಪಾಡು ಮಕ್ತಬ್. ಮಗುವನ್ನು ದಿನಕ್ಕೊಂದು ತಾಸು ಕಳಿಸಿ, ದೀನಿನ ಹೊಣೆಯನ್ನು ಉಸ್ತಾದರ ಕೈಗೆ ಒಪ್ಪಿಸಿ ನಿಶ್ಚಿಂತರಾದೆವು. ಉಸ್ತಾದರು ಅಕ್ಷರ ಕಲಿಸುತ್ತಾರೆ, ಕಿರಾಅತ್ ತಿದ್ದುತ್ತಾರೆ. ಸಿಟ್ಟು ಬಂದಾಗ ತಂದೆ ಹೇಗೆ ನಡೆದುಕೊಳ್ಳುತ್ತಾರೆ, ಸಾಲ ಕೇಳಲು ಬಂದ ನೆರೆಯವನೊಡನೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಮಗು ನೋಡಿ ಕಲಿಯುವುದು ಮನೆಯಲ್ಲಿಯೇ. ಪವಿತ್ರ ಕುರ್‌ಆನಿನಲ್ಲಿ ಲುಕ್ಮಾನರು ಮಗನಿಗೆ ಉಪದೇಶಿಸುವ ಪ್ರಸಂಗವಿದೆ. ಅಲ್ಲಿ ಬೋಧಿಸುವವರು ತಂದೆಯೇ. ಪ್ರವಾದಿ(ಸ)ರು ಮನೆಯಲ್ಲಿ ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಮನೆಗೆಲಸದಲ್ಲಿ ನೆರವಾಗುತ್ತಿದ್ದರು ಎಂದು ಹಝ್ರತ್ ಆಯಿಷಾ(ರ) ತಿಳಿಸಿದ್ದಾರೆ. ಚಕ್ಕಿನಾಮಾದ ಕಾಲದಲ್ಲಿ ಈ ಹೊಣೆ ಪೂರ್ತಿ ಹೆಂಗಸರ ಮೇಲಿತ್ತು. ಅದು ಆ ವ್ಯವಸ್ಥೆಯ ಕೊರತೆಯೆಂದೇ ನಮಗೆ ತೋರುತ್ತದೆ. ದುಡಿಮೆಗಾಗಿ ಪುಣೆಗೋ ಗೋವೆಗೋ ಕೊಲ್ಲಿ ನಾಡಿಗೋ ಹೋದ ತಂದೆಗೆ ರಾತ್ರಿಯ ಹತ್ತು ನಿಮಿಷದ ಕರೆಯಾದರೂ ಉಳಿದಿದೆ. ಅದೆಲ್ಲ ಅಂಕಪಟ್ಟಿಯ ವಿಚಾರಣೆಯಲ್ಲೇ ಮುಗಿದುಹೋಗುತ್ತದೆ.

ಶಾದಿನಾಮಾಗಳ ಬಗ್ಗೆಯೂ ಒಂದು ಮಾತು. ಮದುವೆಯನ್ನು ಅವು ಆತ್ಮವು ಪ್ರಭುವಿನ ಕಡೆಗೆ ಸಾಗುವ ಪಯಣಕ್ಕೆ ಹೋಲಿಸುತ್ತಿದ್ದವು. ನಮ್ಮ ಇಂದಿನ ಶಾದಿ ಮಹಲ್‌ಗಳಲ್ಲಿ ಸ್ಪೀಕರಿನ ಅಬ್ಬರದ ನಡುವೆ ಮಹ್ರ್‌ನ ಮೊತ್ತವು ಪಿಸುಮಾತಿನಲ್ಲಿ ಮುಗಿಯುತ್ತದೆ. ಕೊಟ್ಟ ಸಾಮಾನುಗಳ ಪಟ್ಟಿ ಮಾತ್ರ ಊರಿಗೆಲ್ಲ ಕೇಳುತ್ತದೆ. ಇದನ್ನು ಆಧುನಿಕ ಸಂಸ್ಕೃತಿ ನಮ್ಮ ಮೇಲೆ ಹೇರಿತೆನ್ನಲು ನಾಲಿಗೆ ತಡೆಯುತ್ತದೆ. ನಾವೇ ಕೈಚಾಚಿ ತಂದುಕೊಂಡದ್ದು.

ಭಾಷೆಯ ಪ್ರಶ್ನೆ ಮೀರಾಂಜಿಯವರ ಕಾಲದಂತೆಯೇ ಇಂದೂ ನಮ್ಮೆದುರಿಗಿದೆ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಗು ಜುಮಾ ಪ್ರವಚನದ ಕ್ಲಿಷ್ಟ ಉರ್ದುವನ್ನು ಕೇಳಿ ಸುಮ್ಮನೆ ಕುಳಿತು ಎದ್ದುಬರುತ್ತದೆ. ಮನೆಯ ದಖನಿಯನ್ನು ನಾವೇ ಅಶುದ್ಧವೆಂದು ನಗುತ್ತೇವೆ. ಬಿಜಾಪುರದ ಹಿರಿಯರು ಶ್ರೇಷ್ಠವಾದುದನ್ನು ಹೇಳಲು ಆರಿಸಿಕೊಂಡದ್ದು ಅದೇ ಭಾಷೆಯನ್ನು. ಕನ್ನಡದಲ್ಲಿ ಕುರ್‌ಆನಿನ ಅನುವಾದ ಬಂದಿದೆ, ಇಸ್ಲಾಮೀ ಸಾಹಿತ್ಯ ಬೆಳೆದಿದೆ. ಮಗು ಯಾವ ಭಾಷೆಯಲ್ಲಿ ಅಳುತ್ತದೆಯೋ, ಜಗಳವಾಡುತ್ತದೆಯೋ, ಅದೇ ಭಾಷೆಯಲ್ಲಿ ಅದಕ್ಕೆ ಅಲ್ಲಾಹನ ಪರಿಚಯವಾಗಬೇಕು.

ನಮ್ಮದೇ ಜಿಲ್ಲೆಯ ಹಲಸಂಗಿಯಲ್ಲಿ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಕೆಲವು ತರುಣರು ಕೂಡಿ, ಹಳ್ಳಿಯ ತಾಯಂದಿರು ಬೀಸುವಾಗ ಹಾಡುತ್ತಿದ್ದ ಕನ್ನಡ ಪದಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮುಂತಾದವರ ಆ ಗೆಳೆಯರ ಬಳಗದಲ್ಲಿ ಪಿ. ಧೂಲಾಸಾಹೇಬರೂ ಇದ್ದರು. ಅವರ ಶ್ರಮದಿಂದ ಕನ್ನಡ ಗರತಿಯ ದನಿ ಗ್ರಂಥವಾಯಿತು. ನಮ್ಮ ಮನೆಗಳ ದಖನಿ ಹಾಡುಗಳಿಗೆ ಅಂಥ ಗೆಳೆಯರು ಸಿಗಲಿಲ್ಲ. ಚಕ್ಕಿನಾಮಾದ ಹಸ್ತಪ್ರತಿಗಳನ್ನು ನೋಡಬೇಕೆಂದರೆ ಹೈದರಾಬಾದಿನ ಗ್ರಂಥಾಲಯಗಳಿಗೆ ಹೋಗಬೇಕು. ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿ ಬೀಸುಕಲ್ಲು ಹಿಡಿದು ಬೆಳೆದ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಅವರ ಮೊಮ್ಮಕ್ಕಳ ಕೈಯಲ್ಲಿರುವ ಮೊಬೈಲಿಗೆ ಧ್ವನಿಮುದ್ರಿಸಲು ಬರುತ್ತದೆ. ಸಂಜೆ ಮಗ್ರಿಬ್ ಆದ ಮೇಲೆ ಅವರ ಬಳಿ ಕುಳಿತು, ಬೀಸುವಾಗ ಏನು ಹಾಡುತ್ತಿದ್ದಿರಿ ದಾದಿಮಾ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?