ಬೀಗದ ಕೈ ಮನೆಯೊಳಗೇ ಉಳಿದಾಗ

ಮೊನ್ನೆ ಭದ್ರಾವತಿಯ ನಮ್ಮ ಮನೆಯ ಅಟ್ಟ ಕ್ಲೀನ್ ಮಾಡ್ತಿದ್ದೆ. ಹಳೇ ನ್ಯೂಸ್ ಪೇಪರ್ ಕಟ್ಟಿನ ಕೆಳಗೆ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಒಂದು ಸಿಕ್ಕಿತು. "ಇದ್ಯಾಕೆ ಇನ್ನೂ ಇಟ್ಕೊಂಡಿದೀಯೋ, ಗುಜರಿಗೆ ಹಾಕು" ಅಂದ್ರು ಅಪ್ಪ. ಹಾಕಲಿಲ್ಲ. 2009ರ ಮಳೆಗಾಲದ ಒಂದು ರಾತ್ರಿ ನನ್ನ ಮಾನ ಉಳಿಸಿದ್ದು ಈ ಕೇಬಲ್ಲೇ. ಆ ರಾತ್ರಿಯ ಕಥೆ ಹೇಳೋಕೆ ಮುಂಚೆ ಸ್ವಲ್ಪ ಇತಿಹಾಸ ಹೇಳಬೇಕು. ಬೋರ್ ಆದ್ರೆ ಕ್ಷಮಿಸಿ :)

ಆಗ ನಾನು ಶಿವಮೊಗ್ಗದ ಒಂದು ಸಂಸ್ಥೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ದಿನಾ ಭದ್ರಾವತಿಯಿಂದ ಓಡಾಟ. ಅಲ್ಲಿಗೆ ಹೊಸದಾಗಿ ಬ್ಲೇಡ್ ಚಾಸಿ ಬಂದಿತ್ತು. ಹಾಗಂದ್ರೇನು ಅಂತ ಕೇಳುವವರಿಗೆ ನಾನು ಕೊಡುವ ಉದಾಹರಣೆ ವಠಾರ. ಮಾಮೂಲಿ ಸರ್ವರ್ ಅಂದ್ರೆ ಒಂಟಿ ಮನೆ, ಅದರ ಕರೆಂಟು, ಫ್ಯಾನು, ನೆಟ್‌ವರ್ಕ್ ಎಲ್ಲಾ ಅದರದ್ದೇ. ಬ್ಲೇಡ್ ಚಾಸಿಯಲ್ಲಿ ಸಣ್ಣ ಸಣ್ಣ ಸರ್ವರ್‌ಗಳು ಸಾಲಾಗಿ ಒಂದೇ ಪೆಟ್ಟಿಗೆಯಲ್ಲಿ ಕೂರುತ್ತವೆ. ಪವರ್ ಸಪ್ಲೈ, ಫ್ಯಾನು, ನೆಟ್‌ವರ್ಕ್ ಸ್ವಿಚ್ಚು ಎಲ್ಲರಿಗೂ ಸೇರಿ. ಇದನ್ನೆಲ್ಲ ನೋಡಿಕೊಳ್ಳೋಕೆ ವಠಾರದ ಯಜಮಾನನ ಹಾಗೆ ಒಂದು ಪುಟ್ಟ ಕಂಪ್ಯೂಟರ್ ಬೇರೆ ಇರುತ್ತದೆ. ಅದೇ ಮ್ಯಾನೇಜ್‌ಮೆಂಟ್ ಮಾಡ್ಯೂಲ್.

ಈ ಯಜಮಾನನಿಗೆ ಸ್ವಂತ ವಿಳಾಸ ಬಂದದ್ದು ನಿಧಾನವಾಗಿ. ಮೊದಲೆಲ್ಲ ಸರ್ವರ್ ಕೆಟ್ಟರೆ ಅದರ ಮುಂದೆ ಹೋಗಿ ಸೀರಿಯಲ್ ಕೇಬಲ್ ಹಾಕಿ ಕೂರಬೇಕಿತ್ತು. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ಐಪಿಎಂಐ ಅನ್ನೋ ಸಾಮಾನ್ಯ ನಿಯಮ ತಂದವು. ಸರ್ವರ್ ಆಫ್ ಆಗಿದ್ದರೂ ಅದರೊಳಗಿನ ಒಂದು ಚಿಪ್ ಎಚ್ಚರವಾಗಿದ್ದು ಬಿಸಿ ಎಷ್ಟಿದೆ, ಫ್ಯಾನ್ ತಿರುಗ್ತಿದೆಯಾ ಅಂತ ಹೇಳೋದು, ಹೇಳಿದಾಗ ಆನ್ ಮಾಡೋದು ಇದರ ಕೆಲಸ. 2001ರಲ್ಲಿ ಅಮೆರಿಕದ ಆರ್‌ಎಲ್‌ಎಕ್ಸ್ ಅನ್ನೋ ಕಂಪನಿ 3ಯು ಪೆಟ್ಟಿಗೆಯಲ್ಲಿ, ಅಂದ್ರೆ ಐದೂಕಾಲು ಇಂಚು ಎತ್ತರದಲ್ಲಿ, 24 ಬ್ಲೇಡ್ ತುಂಬಿ ತೋರಿಸಿತು. ಮರುವರ್ಷ ಐಬಿಎಂನ ಬ್ಲೇಡ್‌ಸೆಂಟರ್ ಬಂತು, ಸುಮಾರು ಒಂದಡಿಯಲ್ಲಿ 14 ಬ್ಲೇಡ್. 2006ರಲ್ಲಿ ಎಚ್‌ಪಿಯ ಸಿ7000, 2008ರಲ್ಲಿ ಡೆಲ್‌ನ ಎಂ1000ಇ, ಎರಡರಲ್ಲೂ 16 ಬ್ಲೇಡ್ ಹಿಡಿಯುತ್ತಿತ್ತು.

ಈಗ ಒಂದು ಪ್ರಶ್ನೆ. ಹೊಸ ಪೆಟ್ಟಿಗೆಗೆ ಯಾವ ನೆಟ್‌ವರ್ಕಿಗೆ ಬಂದಿದ್ದೀನಿ ಅಂತಲೇ ಗೊತ್ತಿರಲ್ಲ. ಹಾಗಾದ್ರೆ ಅದನ್ನ ಮೊದಲ ಸಲ ಮಾತಾಡಿಸೋದು ಹೇಗೆ? ಅದು ಮೊದಲು ಡಿಎಚ್‌ಸಿಪಿ ಮೂಲಕ "ನನಗೊಂದು ವಿಳಾಸ ಕೊಡಿ" ಅಂತ ಕೂಗುತ್ತದೆ. ಯಾರೂ ಓಗೊಡದಿದ್ದರೆ ಫ್ಯಾಕ್ಟರಿಯಲ್ಲಿ ಬರೆದು ಕಳಿಸಿದ ವಿಳಾಸ ಹಿಡಿಯುತ್ತದೆ. ಬ್ಲೇಡ್‌ಸೆಂಟರ್‌ಗೆ 192.168.70.125, ಡೆಲ್‌ನದಕ್ಕೆ 192.168.0.120. ಎರಡೂ 192.168ರಿಂದ ಶುರುವಾಗೋಕೆ ಕಾರಣ 1996ರಲ್ಲಿ ಬಂದ ಆರ್‌ಎಫ್‌ಸಿ 1918 ಅನ್ನೋ ದಾಖಲೆ. ಅಂಗಳದೊಳಗಿನ ಬಳಕೆಗೆ ಅಂತ ಅದು ಬಿಟ್ಟುಕೊಟ್ಟ ಮೂರು ಗುಂಪಿನ ನಂಬರುಗಳಲ್ಲಿ ಇದೂ ಒಂದು. ಇಂಟರ್‌ನೆಟ್ಟಿನಲ್ಲಿ ಇವು ಓಡಾಡಲ್ಲ. ಲ್ಯಾಪ್‌ಟಾಪಿಗೆ ಅದೇ ಗುಂಪಿನ ಇನ್ನೊಂದು ನಂಬರ್ ಕೊಟ್ಟು, ಕೇಬಲ್ ನೇರ ಸಿಕ್ಕಿಸಿ, ಬ್ರೌಸರಿನಲ್ಲಿ ಒಳಹೊಕ್ಕು, ನಮ್ಮ ಆಫೀಸಿಗೆ ಹೊಂದುವ ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಕೊಡಬೇಕು. ಗೇಟ್‌ವೇ ಮರೆತರೆ ಪಕ್ಕದ ಟೇಬಲ್ಲಿನವರಿಗೆ ಕಾಣುತ್ತೆ, ಊರಾಚೆ ಇರುವವರಿಗೆ ಕಾಣಲ್ಲ.

ನಾನು ಇದೆಲ್ಲ ಸರಿಯಾಗೇ ಮಾಡಿದ್ದೆ. ತಪ್ಪಿದ್ದು ಕೇಬಲ್ಲಿನಲ್ಲಿ. ಮ್ಯಾನೇಜ್‌ಮೆಂಟ್ ಮಾಡ್ಯೂಲಿನ ವೈರನ್ನ ಅದೇ ಚಾಸಿಯೊಳಗಿನ ಸ್ವಿಚ್ಚಿನ ಒಂದು ಪೋರ್ಟಿಗೆ ಸಿಕ್ಕಿಸಿದ್ದೆ. ಪೋರ್ಟ್ ಖಾಲಿ ಇತ್ತು, ಹತ್ತಿರ ಇತ್ತು, ಅಷ್ಟೇ ಕಾರಣ!

ಒಂದು ರಾತ್ರಿ ಭದ್ರಾವತಿಯ ಮನೆಯಿಂದಲೇ ಆ ಸ್ವಿಚ್ಚಿನ ವಿಲ್ಯಾನ್ ಬದಲಿಸಿದೆ. ಸೇವ್ ಕೂಡ ಮಾಡಿದೆ. ಒಂದು ನಂಬರ್ ತಪ್ಪಿತ್ತು. ಸರ್ವರ್‌ಗಳೆಲ್ಲ ಮಾಯ, ಜೊತೆಗೆ ಅದನ್ನ ಸರಿಮಾಡಬೇಕಿದ್ದ ಪುಟವೂ ಮಾಯ. ಮನೆಗೆ ಬೀಗ ಹಾಕಿ ಬೀಗದ ಕೈ ಒಳಗೇ ಬಿಟ್ಟ ಹಾಗಾಯ್ತು. ಬೆಳಗ್ಗೆ ಹತ್ತಕ್ಕೆ ಹುಡುಗರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಪ್ರಿಂಟ್ ಆಗಬೇಕಿತ್ತು.

ಮಳೆಯಲ್ಲೇ ಬೈಕ್ ತೆಗೆದೆ. ಮಾಚೇನಹಳ್ಳಿ ದಾಟುವಾಗ ಎದುರಿಗೆ ಲಾರಿ ಲೈಟು ಬಿಟ್ಟರೆ ಏನೂ ಕಾಣ್ತಿರಲಿಲ್ಲ. ಸರ್ವರ್ ರೂಮಿಗೆ ಹೋಗಿ ಲ್ಯಾಪ್‌ಟಾಪನ್ನ ನೇರ ಮಾಡ್ಯೂಲಿಗೆ ಸಿಕ್ಕಿಸಿದರೆ ಎರಡು ನಿಮಿಷದ ಕೆಲಸ. ಆದರೆ ನಾನು ಕೊಟ್ಟಿದ್ದ ಐಪಿ ನೆನಪಾಗಲಿಲ್ಲ! ಬರೆದಿಟ್ಟ ಫೈಲ್ ಇದ್ದದ್ದೂ ಅದೇ ಸರ್ವರ್ ಒಳಗೆ. ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಪೋರ್ಟ್ ಇರಲಿಲ್ಲ. ಕೊನೆಗೆ ಸ್ಟೋರ್ ರೂಮಿನಲ್ಲಿ ಧೂಳು ಹಿಡಿದಿದ್ದ ಹಳೇ ಡೆಸ್ಕ್‌ಟಾಪ್ ಹೊತ್ತು ತಂದು, ಈ ಕೇಬಲ್ ಹಾಕಿ, ಮಾಡ್ಯೂಲಿನ ಬಾಯಿಂದಲೇ ಅದರ ವಿಳಾಸ ಕೇಳಿಕೊಂಡೆ. ಎಲ್ಲ ಸರಿಯಾದಾಗ ಬೆಳಗಿನ ಜಾವ ನಾಲ್ಕೂವರೆ. ಹಾಲ್ ಟಿಕೆಟ್ ಬಂತು, ಯಾರಿಗೂ ಗೊತ್ತಾಗಲಿಲ್ಲ.

ಅಪ್ಪನಿಗೆ ಮಾತ್ರ ಹೇಳಿದೆ. ಅವರು ರಿಟೈರ್ ಆದದ್ದು ಇಲ್ಲಿನ ಐರನ್ ಫ್ಯಾಕ್ಟರಿಯಿಂದ, 1923ರಲ್ಲಿ ಮೈಸೂರು ಸಂಸ್ಥಾನದ ಕಾಲಕ್ಕೆ ಶುರುವಾದ ಅದೇ ಕಾರ್ಖಾನೆ. ಕಂಪ್ಯೂಟರ್ ಗೊತ್ತಿಲ್ಲ. ಪೂರ್ತಿ ಕೇಳಿ ಅಂದ್ರು: "ಅಲ್ಲ ಕಣೋ, ಫರ್ನೇಸ್ ತಣ್ಣಗಿಡೋ ನೀರಿಗೆ ಒಂದೇ ಪಂಪ್ ನಂಬ್ಕೊಂಡ್ರೆ ಆಗುತ್ತಾ? ಕರೆಂಟ್ ಹೋದ್ರೂ ತಾನಾಗೇ ಇಳಿಯೋ ಹಾಗೆ ಮೇಲೊಂದು ಟ್ಯಾಂಕ್ ಬೇಕಲ್ವಾ?" ಔಟ್ ಆಫ್ ಬ್ಯಾಂಡ್ ಮ್ಯಾನೇಜ್‌ಮೆಂಟ್ ಅಂತ ದಪ್ಪ ದಪ್ಪ ಪುಸ್ತಕಗಳಲ್ಲಿ ಹೇಳೋದು ಇಷ್ಟೇ. ಕೆಟ್ಟುಹೋಗುವ ದಾರಿಯಲ್ಲೇ ರಿಪೇರಿಯವನು ಬರಬೇಕಾದರೆ ಅವನು ಬರೋದೇ ಇಲ್ಲ.

ಆ ವಾರವೇ ಒಂದು ಅಗ್ಗದ ಸ್ವಿಚ್ ತಂದು ಮ್ಯಾನೇಜ್‌ಮೆಂಟ್ ವೈರುಗಳಿಗೆ ಬೇರೆ ದಾರಿ ಮಾಡಿದೆ. ಈ ಬೇರೆ ದಾರಿಗೂ ಕಾವಲು ಬೇಕು ಅಂತ ಜಗತ್ತಿಗೆ ಜೋರಾಗಿ ಕೇಳಿಸಿದ್ದು 2013ರಲ್ಲಿ. ಐಪಿಎಂಐನ ದೌರ್ಬಲ್ಯಗಳ ಬಗ್ಗೆ ಅಮೆರಿಕದ ಯುಎಸ್-ಸರ್ಟ್ ಎಚ್ಚರಿಕೆ ಕೊಟ್ಟಿತು. 2015ರಲ್ಲಿ ರೆಡ್‌ಫಿಶ್ ಅನ್ನೋ ಹೊಸ ನಿಯಮ ಬಂತು. ಎಲ್ಲಾ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದನ್ನ ಕ್ಯಾಲಿಫೋರ್ನಿಯಾದ ಕಾನೂನು 2020ರಿಂದ ತಡೆಯಿತು. ಈಗ ಹೊಸ ಹುಡುಗರು ಚಾಸಿಯ ಮುಂದೆ ಹೋಗದೆ ಸ್ಕ್ರಿಪ್ಟಿನಲ್ಲೇ ಇದೆಲ್ಲ ಮುಗಿಸ್ತಾರೆ. ಸಂತೋಷ.

ಆದರೂ ನಾನು ಅವರಿಗೆ ಎರಡು ಮಾತು ಹೇಳ್ತೀನಿ. ವೈರ್ ಎಲ್ಲಿಗೆ ಹೋಗಿದೆ ಅಂತ ಕೈಯಲ್ಲಿ ಹಿಡಿದು ನೋಡಿ. ಐಪಿಯನ್ನ ಕಾಗದದ ಮೇಲೆ ಬರೆದು ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿ.

ಕೇಬಲ್ಲನ್ನ ಒರೆಸಿ ಮತ್ತೆ ಅಟ್ಟಕ್ಕೇ ಹಾಕಿದ್ದೀನಿ. ಅಪ್ಪ ನೋಡಿ ನಕ್ಕರು, ಏನೂ ಅನ್ನಲಿಲ್ಲ.