ಹಳೆಯ ಟ್ರ್ಯಾಕ್ಟರ್: ಬೆಲೆ ಎಷ್ಟು, ಉಪಯೋಗವೆಷ್ಟು?

ಸೇಡಂನಿಂದ ಚಿತ್ತಾಪುರದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿ. ಬೇವಿನ ಮರದ ಕೆಳಗೆ ಬಣ್ಣ ಮಾಸಿದ ಒಂದು ಸಣ್ಣ ಟ್ರ್ಯಾಕ್ಟರ್ ನಿಮಗೆ ಕಂಡೀತು. ಚಿತ್ರೀಕರಣಕ್ಕೆಂದು ನಾವು ಅಂಥದೊಂದು ಅಂಗಳದಲ್ಲಿ ಕುಳಿತಿದ್ದಾಗ, ಕಾಲೇಜಿಗೆ ಹೋಗುವ ಮೊಮ್ಮಗ "ಮುತ್ಯಾ, ಇದನ್ನ ಗುಜರಿಗಿ ಹಾಕಿಬಿಡ್ರಿ" ಎಂದ. ಅಜ್ಜ, "ಬಿತ್ತಿಗಿ ಮುಗೀಲಿ, ಆಮ್ಯಾಗ ನೋಡೋಣು" ಎಂದರು. ಇಬ್ಬರಲ್ಲಿ ಯಾರ ಮಾತು ಸರಿ?

ಮೊದಲು ಸ್ವಲ್ಪ ಇತಿಹಾಸ. ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ, 1971ರಲ್ಲಿ ಜೆಕೊಸ್ಲೊವಾಕಿಯಾದ ಸಹಯೋಗದಿಂದ ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಝೆಟರ್ 2511 ತಯಾರಿಸತೊಡಗಿತು. 1974ರಲ್ಲಿ ದುರ್ಗಾಪುರದ ನಮ್ಮದೇ ಸಂಶೋಧನಾಲಯದ ವಿನ್ಯಾಸದಿಂದ ಸ್ವರಾಜ್ 724 ಬಂತು. ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ತಯಾರಿಕೆ ನಿಂತ ಯಂತ್ರಕ್ಕೆ ಬಿಡಿಭಾಗ ಸಿಗುವುದೇ ಎಂಬುದು ಆದ್ದರಿಂದ ಮೊದಲ ಪ್ರಶ್ನೆ.

ಎರಡನೆಯದು ಶಕ್ತಿಯ ಲೆಕ್ಕ. 25 ಅಶ್ವಶಕ್ತಿಯ ಎಂಜಿನ್ನಿನಿಂದ ನೇಗಿಲಿನವರೆಗೆ ಅರ್ಧದಷ್ಟು, ಅಂದರೆ 12 ಅಶ್ವಶಕ್ತಿ ತಲುಪುತ್ತದೆ ಎಂದುಕೊಳ್ಳಿ. ಒಂದು ಅಶ್ವಶಕ್ತಿ ಎಂದರೆ 75 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರ್ ಮೇಲೆತ್ತುವ ಶಕ್ತಿ. ಹಾಗಾದರೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಎಳೆತದ ಬಲ 900 ಕಿಲೋ. ಎರೆಮಣ್ಣು ಪ್ರತಿ ಚದರ ಸೆಂಟಿಮೀಟರಿಗೆ 0.7 ಕಿಲೋ ಪ್ರತಿರೋಧ ಒಡ್ಡುತ್ತದೆ ಎಂದಿಟ್ಟುಕೊಳ್ಳೋಣ. 60 ಸೆಂ.ಮೀ. ಅಗಲ, 15 ಸೆಂ.ಮೀ. ಆಳ ಉಳಲು 630 ಕಿಲೋ ಸಾಕು. ಅದೇ 25 ಸೆಂ.ಮೀ. ಆಳಕ್ಕೆ 1,050 ಕಿಲೋ ಬೇಕು. ಯಂತ್ರ ಏದುಸಿರು ಬಿಡುತ್ತದೆ.

ಆದ್ದರಿಂದ ಹೊಲವನ್ನು ಕೇಳದೆ ಟ್ರ್ಯಾಕ್ಟರಿಗೆ ಬೆಲೆ ಕಟ್ಟಬೇಡಿ. ಚಿತ್ತಾಪುರದ ಆಳವಾದ ಎರೆಭೂಮಿಯ ಮಾಗಿ ಉಳುಮೆಗೆ ಇದು ಚಿಕ್ಕದು. ಚಿಂಚೋಳಿಯ ಕೆಂಪು ಮಣ್ಣಿಗೆ ಸಾಕಾದೀತು. ವಾಡಿ, ಶಹಾಬಾದಿನ ಸುತ್ತ ನೆಲದಡಿ ಇರುವುದು ಸುಣ್ಣಕಲ್ಲು. ಸಿಮೆಂಟಿಗೂ ಹಾಸುಗಲ್ಲಿಗೂ ಅದೇ ಆಧಾರ. ಅದರ ಮೇಲೆ ಮಣ್ಣಿನ ಪದರ ತೆಳುವಾಗಿರುವ ಹೊಲದಲ್ಲಿ ಆಳದ ಉಳುಮೆಯ ಮಾತೇ ಇಲ್ಲ.

ಮೂರನೆಯದು ಹಿಂಬದಿಯ ಹೈಡ್ರಾಲಿಕ್ ಎತ್ತುಗೆ. ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ಕೊಂಡಿಗಳ ಜೋಡಣೆ ಅವರ ಟಿಇ 20 ಟ್ರ್ಯಾಕ್ಟರಿನೊಂದಿಗೆ 1946ರಿಂದ ಬಹಳ ಪ್ರಸಿದ್ಧವಾಯಿತು. ಅದು ಸರಿಯಿದ್ದರೆ ಇಂದಿನ ಕುಂಟಿ, ಕೂರಿಗಿಗಳನ್ನೂ ಹಳೆಯ ಯಂತ್ರಕ್ಕೆ ಕಟ್ಟಬಹುದು. ಅದು ಕೆಟ್ಟಿದ್ದರೆ ಉಳಿಯುವುದು ಬಂಡಿ ಎಳೆಯುವ ಕೆಲಸ ಮಾತ್ರ.

ಗುಜರಿಯವನು ಕಬ್ಬಿಣವನ್ನು ತೂಗುತ್ತಾನೆ. ರೈತ ತೂಗುವುದು ಹದವನ್ನು. ಮಳೆ ಬಿದ್ದ ಮೇಲೆ ತೊಗರಿ ಬಿತ್ತಲು ಎರೆಹೊಲ ಹದವಾಗಿರುವುದು ಕೆಲವೇ ದಿನ. ಆಗ ಇಡೀ ಊರಿಗೆ ಒಮ್ಮೆಲೇ ಬಾಡಿಗೆ ಟ್ರ್ಯಾಕ್ಟರ್ ಬೇಕು. ಸರದಿ ಬರುವಷ್ಟರಲ್ಲಿ ಹದ ಹೋದರೆ ವರ್ಷದ ಬೆಳೆಗೇ ಪೆಟ್ಟು. ಅಜ್ಜ "ಬಿತ್ತಿಗಿ ಮುಗೀಲಿ" ಎಂದದ್ದು ಹಳೆಯದರ ಮೋಹದಿಂದಲ್ಲ.

ಹಾಗೆಂದು ಮೊಮ್ಮಗನ ಮಾತನ್ನೂ ತಳ್ಳಿಹಾಕುವಂತಿಲ್ಲ. ದುರಸ್ತಿ, ಡೀಸೆಲ್ ಖರ್ಚನ್ನು ಒಂದು ಕಡೆ ಬರೆಯಿರಿ. ಉಳಿದ ಬಾಡಿಗೆ, ತಪ್ಪಿದ ನಷ್ಟವನ್ನು ಇನ್ನೊಂದು ಕಡೆ ಬರೆಯಿರಿ. ಮೊದಲನೆಯದು ಹೆಚ್ಚಾದ ವರ್ಷ ಯಂತ್ರವನ್ನು ಬೀಳ್ಕೊಡಬೇಕು. ನಿಮ್ಮ ಮನೆಯಲ್ಲಿ ಅಂಥ ಟ್ರ್ಯಾಕ್ಟರ್ ಇದ್ದರೆ, ಹಿರಿಯರ ಜೊತೆ ಕುಳಿತು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವಿರಾ?