ಮೂರು ಜೀವದ ವಾಯಿದೆ

ಪೋರ್ಚುಗೀಸರ 'ಪ್ರಾಜು' ಎಂದರೆ ನಮ್ಮ 'ವಾಯಿದೆ'. ಸಾಲ ತೀರಿಸಲು, ಅರ್ಜಿ ಹಾಕಲು ಕೊಡುವ ಗಡುವು. ಲಿಸ್ಬನ್ನಿನಲ್ಲೂ ಮಪುಟೊದಲ್ಲೂ ಇವತ್ತಿಗೂ ಅದೇ ಅರ್ಥ. ಮೊಜಾಂಬಿಕ್‌ನ ಜಾಂಬೆಜಿ ಕಣಿವೆಯಲ್ಲಿ ಮಾತ್ರ ಈ ಮಾತು ಶತಮಾನಗಳ ಕಾಲ ನೆಲದ ಹೆಸರಾಗಿ ನಿಂತುಬಿಟ್ಟಿತ್ತು.

17ನೇ ಶತಮಾನದಿಂದ ಪೋರ್ಚುಗಲ್ಲಿನ ದೊರೆ ಸೆನಾ, ತೆತೆ, ಕೆಲಿಮಾನೆ ಸುತ್ತಿನ ಭೂಮಿಯನ್ನು 'ಮೂರು ಜೀವ'ದ, ಅಂದರೆ ಮೂರು ತಲೆಮಾರಿನ, ಗೇಣಿಗೆ ಬರೆದುಕೊಡುತ್ತಿದ್ದ. ಹಾಗೆ ಕೊಟ್ಟ ನೆಲವೇ ಪ್ರಾಜು. ಹಕ್ಕು ಮಗಳಿಗೆ ಹೋಗಬೇಕು, ಅವಳು ಪೋರ್ಚುಗೀಸನನ್ನೇ ಮದುವೆಯಾಗಬೇಕು ಎಂಬ ಷರತ್ತು ಬೇರೆ. ಹೀಗಾಗಿ 'ದೋನ' ಎನಿಸಿಕೊಂಡ ಹೆಂಗಸರು ದೊಡ್ಡ ಜಹಗೀರುಗಳ ಒಡತಿಯರಾದರು. ಆ ಮೂರು ಜೀವ ಗೇಣಿದಾರರವು. ತಲೆತಲಾಂತರದಿಂದ ಅಲ್ಲೇ ಜೋಳ ಬಿತ್ತಿಕೊಂಡಿದ್ದವರ ಜೀವವನ್ನು ಯಾವ ಪತ್ರವೂ ಎಣಿಸಲಿಲ್ಲ. ಅವರು 'ಮುಸೊಕೊ' ಎಂಬ ತೆರಿಗೆ ತೆರಬೇಕಿತ್ತು. ವಸೂಲಿಗೆ ಬರುತ್ತಿದ್ದವರು 'ಚಿಕುಂಡ'ರು, ಜಹಗೀರಿನ ಗುಲಾಮ ಸೈನಿಕರು. ಶೋನಾ ಭಾಷೆಯಲ್ಲಿ 'ಕುಕುಂಡ' ಎಂದರೆ ಗೆಲ್ಲುವುದು. ತಾವೇ ಗುಲಾಮರಾದವರಿಗೆ ಗೆದ್ದವರೆಂಬ ಹೆಸರು! ಅವರೇ ಊರೂರು ನುಗ್ಗಿ ಜನರನ್ನು ಹಿಡಿದು ತರುತ್ತಿದ್ದರು.

ಈ ಕಥೆಯಲ್ಲಿ ನಮ್ಮ ನೆರೆಯ ಗೋವಾದವರೂ ಇದ್ದಾರೆ, ಅದನ್ನು ಮರೆಯಬಾರದು. ಗೋವಾದಲ್ಲಿ ಹುಟ್ಟಿದ ಮನುವೆಲ್ ಆಂಟೋನಿಯೊ ದ ಸೌಜ ಗೊರೊಂಗೊಜದಲ್ಲಿ ಕೋಟೆ ಕಟ್ಟಿ, ಬಾರುವೆ ಎಂಬ ರಾಜ್ಯದ ರಾಜಮನೆತನದ ಹೆಣ್ಣು ತಂದು, ಸಾವಿರಾರು ಬಂದೂಕುಗಳ ಪಡೆ ಸಾಕಿದ. ಜನ ಅವನನ್ನು ಗೊವೆಯಾ ಎಂದು ಕರೆದರು. ಲಿಸ್ಬನ್ನಿಗೆ ಸ್ವಂತ ಸೈನ್ಯವಿಲ್ಲದ ಕಡೆ ಇಂಥವರ ಪಡೆಯೇ ಸಾಮ್ರಾಜ್ಯ. 1892ರಲ್ಲಿ, ಕೈತಪ್ಪಿದ್ದ ಬಾರುವೆಯನ್ನು ಮತ್ತೆ ಹಿಡಿಯಲು ಹೋಗಿ ಗೊವೆಯಾ ಸತ್ತ.

ಅಷ್ಟರಲ್ಲಿ 1890ರ ಆಜ್ಞೆ ಹಳೆಯ ಪ್ರಾಜುಗಳನ್ನು ಹರಾಜಿಗಿಟ್ಟಿತ್ತು. ಗೇಣಿಗೆ ಹಿಡಿದವು ಕಂಪನಿಗಳು. ಮುಸೊಕೊದಲ್ಲಿ ಅರ್ಧವನ್ನಾದರೂ ಮೈಮುರಿದು ದುಡಿದೇ ತೀರಿಸಬೇಕೆಂಬ ನಿಯಮ ಬಂತು. ವಾಯಿದೆ ಎಂಬ ಮಾತಿನ ಕ್ರೌರ್ಯ ನನಗೆ ಕಾಣುವುದು ಇಲ್ಲಿ: ಹಿಡುವಳಿಗೆ ಕೊನೆಯಿತ್ತು, ದುಡಿತಕ್ಕೆ ಇರಲಿಲ್ಲ. 1902ರಲ್ಲಿ ಪೋರ್ಚುಗೀಸ್ ಸೈನ್ಯ ಬಾರುವೆಯನ್ನು ಗೆದ್ದಿತು. 1917ರಲ್ಲಿ ರಸ್ತೆ ಕಡಿಯಲು, ಜರ್ಮನರ ಮೇಲಿನ ಯುದ್ಧಕ್ಕೆ ಹೊರೆ ಹೊರಲು ಜನರನ್ನು ಎಳೆದೊಯ್ದಾಗ ಬಾರುವೆ ತಿರುಗಿಬಿದ್ದಿತು. ದಂಗೆ ಅಡಗಿಸಲು ಪೋರ್ಚುಗೀಸರು ತಾವು ಕರೆತಂದ ಎಂಗೊನಿ ಬುಡಕಟ್ಟಿನ ಯೋಧರಿಗೆ ಹೆಂಗಸರನ್ನೂ ಮಕ್ಕಳನ್ನೂ ಕೊಳ್ಳೆಯಾಗಿ ಒಯ್ಯಲು ಬಿಟ್ಟರು.

ಪ್ರಾಜು ಪದ್ಧತಿ 1930ರ ದಶಕದಲ್ಲಿ ಕಡತದಿಂದ ಹೋಯಿತು. ಅಲ್ಲಿನವರು 'ಶಿಬಾಲು' ಎನ್ನುತ್ತಿದ್ದ ಬಿಟ್ಟಿ ದುಡಿಮೆಗೆ ಕಾನೂನಿನ ಬೆಂಬಲ 1960ರ ದಶಕದ ಆರಂಭದವರೆಗೂ ಉಳಿಯಿತು.